ಮೊದಲ ಕೊಡಪಾನ ನೀರು

ನಮ್ಮೂರಿನಲ್ಲಿ ಕಂಪ್ಯೂಟರ್ ಇಂಜಿನಿಯರ್ ಅಂದರೆ ಕರೆಂಟಿನಿಂದ ಓಡುವ ಎಲ್ಲದಕ್ಕೂ ಡಾಕ್ಟರು ಅಂತ ಅರ್ಥ. ಬಿಇ ಮುಗಿಸಿ ಕೆಲಸಕ್ಕೆ ಸೇರಿದಾಗಿನಿಂದ ನೋಡುತ್ತಿದ್ದೇನೆ, ಹಬ್ಬಕ್ಕೆ ಅಂತ ಊರಿಗೆ ಹೋಗಿ ಚಪ್ಪಲಿ ಬಿಡುವಷ್ಟರಲ್ಲಿ ಯಾರಾದರೊಬ್ಬರು ಮಿಕ್ಸಿ ಹಿಡಿದು ಬಂದಿರುತ್ತಾರೆ. ಒಮ್ಮೆ ಟಿವಿ ರಿಮೋಟು, ಒಮ್ಮೆ ಮೊಬೈಲಿನ ಚಾರ್ಜರು, ಒಮ್ಮೆ ಪಕ್ಕದ ಮನೆ ಮಾವನ ಕಿವಿಯ ಮಿಷನ್ನು. “ನಾನು ಕೂತು ಬರೆಯೋದು ಬ್ಯಾಂಕಿನ ಲೆಕ್ಕದ ಪ್ರೋಗ್ರಾಮು ಮಾವ, ಇದು ಬೇರೆ ವಿದ್ಯೆ” ಅಂದರೆ ಮುಖ ನೋಡಿ, “ಅಷ್ಟು ಓದಿ ಇದೂ ಬರಲ್ವನಾ?” ಅನ್ನುತ್ತಾರೆ. ಅವರ ಪ್ರಕಾರ ನಾನು ಬೇಕಂತಲೇ ಮಾಡಿಕೊಡುತ್ತಿಲ್ಲ.

ಇಂಥ ಊರಿನಲ್ಲಿ, ಅದೂ ನಮ್ಮ ಮನೆಯ ಜಗಲಿಯಲ್ಲೇ, ನನ್ನ ಸ್ವಂತ ಲ್ಯಾಪ್‌ಟಾಪಿನ ವೈಫೈ ಕಾರ್ಡು ನನ್ನ ಮಾತು ಕೇಳದೆ ಮರ್ಯಾದೆ ತೆಗೆದ ಕತೆ ಇದು.

ಅದಕ್ಕೂ ಮೊದಲು ನನ್ನ ನೆಪದ ಬಗ್ಗೆ ಹೇಳಬೇಕು. ನನ್ನ ಹತ್ತಿರ ಒಂದು ಗಟ್ಟಿ ನೆಪ ಇತ್ತು. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗಿ, ಟಾರು ರಸ್ತೆ ಬಿಟ್ಟು ಒಳಗಿಳಿದರೆ ನಮ್ಮ ಮನೆ. ಮೂರು ಎಕರೆ ಅಡಿಕೆ ತೋಟ. ಅಪ್ಪಯ್ಯನಿಗೆ ಅರವತ್ತೆಂಟು, ಎರಡೂ ಮಂಡಿ ಮುಷ್ಕರ ಹೂಡಿವೆ. ಕೊಯ್ಲಿನ ಕಾಲಕ್ಕೆ ಕೊನೆಗಾರರು ಸಿಗುವುದೇ ಕಷ್ಟ. ಸಿಕ್ಕ ದಿನ ಮನೆಯವರು ಯಾರಾದರೂ ತೋಟದಲ್ಲಿ ಇರಲೇಬೇಕು. ಪ್ರತಿ ವರ್ಷ ಅಪ್ಪಯ್ಯ ಒಂದೇ ಮಾತು ಕೇಳುತ್ತಿದ್ದರು, “ಒಂದು ವಾರ ಜಾಸ್ತಿ ಇರಕ್ಕಾಗ್ತದನಾ?” ಪ್ರತಿ ವರ್ಷ ನಾನೂ ಒಂದೇ ಉತ್ತರ ಕೊಡುತ್ತಿದ್ದೆ: “ರಜ ಸಿಗಲ್ಲ ಅಪ್ಪಯ್ಯ. ಊರಲ್ಲಿ ನೆಟ್ ಇದ್ದಿದ್ರೆ ಅಲ್ಲಿಂದಾನೇ ಕೆಲಸ ಮಾಡಬಹುದಿತ್ತು. ಇಲ್ವಲ್ಲ, ಎಂತ ಮಾಡೋದು?”

ಈ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನಿಜ ಕೂಡ ಕೆಲವೊಮ್ಮೆ ಬಹಳ ಅನುಕೂಲಕ್ಕೆ ಬರುತ್ತದೆ ನೋಡಿ.

2010ರ ಡಿಸೆಂಬರ್‌ನಲ್ಲಿ ಒಂದು ಸಂಜೆ ಅಪ್ಪಯ್ಯನ ಫೋನು ಬಂತು. ಅಡಿಕೆ ರೇಟು, ದನ ಕರು ಹಾಕಿದ್ದು, ಸೋದರತ್ತೆಯ ಮಗಳ ಮದುವೆ, ಎಲ್ಲ ಮುಗಿದ ಮೇಲೆ ಇನ್ನೇನು ಇಡಬೇಕು ಅನ್ನುವಾಗ ಸಣ್ಣಗೆ ಹೇಳಿದರು: “ನೆಟ್ ಹಾಕ್ಸಿದೀನಿ. ಮೊನ್ನೆ ಬಂದು ಡಬ್ಬಿ ಕೂರಿಸಿ ಹೋದ್ರು. ಹಸಿರು ಲೈಟು ಬರ್ತದೆ.”

ನನಗೆ ಒಂದು ಕ್ಷಣ ಏನೂ ತೋಚಲಿಲ್ಲ. ಟೆಲಿಫೋನ್ ತಂತಿಯ ಮೇಲೆ ಬರುವ ಬ್ರಾಡ್‌ಬ್ಯಾಂಡ್ ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ಸೊರಗುತ್ತದೆ, ನಾಲ್ಕೈದು ಕಿಲೋಮೀಟರ್ ದಾಟಿದರೆ ಸಿಗುವುದೇ ಕಷ್ಟ. ನಮ್ಮ ಮನೆ ಎಕ್ಸ್‌ಚೇಂಜಿಗೆ ಎರಡೂವರೆ ಕಿಲೋಮೀಟರು. ಇದನ್ನೆಲ್ಲ ಅಪ್ಪಯ್ಯ ಯಾರ ಹತ್ತಿರ ಕೇಳಿದರೋ, ಎಷ್ಟು ಸಲ ಪೇಟೆಗೆ ಅಲೆದರೋ, ಹೇಳಲಿಲ್ಲ. “ನೀನು ಯಾವಾಗ್ಲೂ ನೆಟ್ ಇಲ್ಲ, ನೆಟ್ ಇಲ್ಲ ಅಂತಿದ್ದೆಯಲ್ಲ” ಅಂದರು, ಅಷ್ಟೇ.

ಇನ್ನೇನು ಮಾಡೋದು? ಮ್ಯಾನೇಜರ್ ಹತ್ತಿರ ಹೋದೆ. ಆಗವನ್ನೂ ಈಗಿನ ಹಾಗೆ ಅಂದುಕೊಳ್ಳಬೇಡಿ. ಮನೆಯಿಂದ ಕೆಲಸ ಅಂದರೆ ಆಗ ಅರ್ಧ ರಜ ಅಂತಲೇ ಲೆಕ್ಕ. ಅವರು ಸ್ವಲ್ಪ ಯೋಚಿಸಿ, “ಒಂದು ವಾರ ನೋಡೋಣ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆನ್‌ಲೈನ್ ಇರಬೇಕು. ಇಲ್ಲಾಂದ್ರೆ ಮಂಗಳವಾರ ನಿನ್ನ ಸೀಟಲ್ಲಿ ಇರಬೇಕು” ಅಂದರು. ಜನವರಿ ಮೂರನೇ ವಾರ ಅಂತ ಆಯಿತು.

ಈಗ ಲ್ಯಾಪ್‌ಟಾಪಿನ ವಿಷಯ. 2007ರಲ್ಲಿ ಕಂತಿನ ಮೇಲೆ ತೆಗೆದುಕೊಂಡದ್ದು. ಅದರ ಲ್ಯಾನ್ ಪೋರ್ಟು ಹೋಗಿ ವರ್ಷವಾಗಿತ್ತು. ರೂಮ್‌ಮೇಟ್ ಒಬ್ಬ ಕತ್ತಲಲ್ಲಿ ವೈರು ಎಡವಿ, ವೈರಿನ ಜತೆ ಪೋರ್ಟಿನ ಪಿನ್ನುಗಳನ್ನೂ ಕಿತ್ತುಕೊಂಡು ಹೋಗಿದ್ದ. ರೂಮಿನಲ್ಲಿ ವೈಫೈ ಇರಲಿಲ್ಲ, ಯುಎಸ್‌ಬಿ ಡೇಟಾ ಕಾರ್ಡಿನಲ್ಲೇ ಸಂಸಾರ. ಹೊರಡುವ ಹಿಂದಿನ ವಾರ ವಿಂಡೋಸಿಗೆ ವೈರಸ್ಸು ಹೊಕ್ಕು, ಏನು ಒತ್ತಿದರೂ ನೀಲಿ ಪರದೆ. ಗೆಳೆಯನ ಹತ್ತಿರ ಉಬುಂಟು 10.04ರ ಸಿಡಿ ಇತ್ತು. ಇಸ್ಕೊಂಡು ಬಂದು ಒಂದೇ ರಾತ್ರಿಯಲ್ಲಿ ಹಾಕಿದೆ. ಡೇಟಾ ಕಾರ್ಡು ಚುಚ್ಚಿದ ಕೂಡಲೇ ಕೆಲಸ ಮಾಡಿತು, ಸೌಂಡು ಬಂತು, ಕನ್ನಡ ಅಕ್ಷರ ಚೆನ್ನಾಗಿ ಕಂಡಿತು. ಸಿಡಿ ವಾಪಸು ಕೊಟ್ಟು, ಲಿನಕ್ಸ್ ಅಂದರೆ ಕಷ್ಟ ಅನ್ನುವವರನ್ನೆಲ್ಲ ಮನಸ್ಸಿನಲ್ಲೇ ಬೈದು, ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ. ವೈಫೈ ಒಂದನ್ನು ಮಾತ್ರ ಪರೀಕ್ಷೆ ಮಾಡಲಿಲ್ಲ. ಮಾಡಲಿಕ್ಕೆ ರೂಮಿನಲ್ಲಿ ವೈಫೈಯೇ ಇರಲಿಲ್ಲವಲ್ಲ.

ಶನಿವಾರ ಬೆಳಿಗ್ಗೆ ಮನೆಗೆ ಹೋದರೆ ಮೋಡೆಮ್ಮಿಗೆ ಜಗಲಿಯಲ್ಲಿ ದೇವರ ಮರ್ಯಾದೆ. ಅಜ್ಜನ ಕಾಲದ ಮರದ ಮೇಜಿನ ಮೇಲೆ ಕೂರಿಸಿ, ಧೂಳು ಬೀಳದ ಹಾಗೆ ಅಮ್ಮ ಹೊಲಿದ ಕಸೂತಿ ಬಟ್ಟೆ ಹೊದೆಸಿದ್ದರು. ಅಪ್ಪಯ್ಯ ಬಟ್ಟೆ ಸರಿಸಿ ಹಸಿರು ದೀಪಗಳನ್ನು ತೋರಿಸಿದರು. ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಪೆನ್ನಿನಲ್ಲಿ ದಪ್ಪಗೆ ಬರೆದಿಟ್ಟಿದ್ದರು. ಕಾಫಿ ಕುಡಿದು ಲ್ಯಾಪ್‌ಟಾಪ್ ಬಿಚ್ಚಿದೆ. ಅಪ್ಪಯ್ಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತರು.

ಪರದೆಯ ಮೇಲ್ತುದಿಯಲ್ಲಿ ವೈಫೈ ಪಟ್ಟಿ ತೆಗೆದರೆ ಖಾಲಿ. ಯಾವ ಹೆಸರೂ ಇಲ್ಲ. ರೀಸ್ಟಾರ್ಟ್ ಮಾಡಿದೆ, ಖಾಲಿ. ಲ್ಯಾಪ್‌ಟಾಪಿನ ಅಂಚಿನಲ್ಲಿ ವೈಫೈಯ ಸಣ್ಣ ಸ್ವಿಚ್ಚೊಂದಿತ್ತು, ಅದನ್ನು ಆಚೆ ಈಚೆ ತಳ್ಳಿದೆ. ಖಾಲಿ.

“ಎಂತಾ ಆಯ್ತು?” ಅಂದರು ಅಪ್ಪಯ್ಯ.

“ಒಂದು ನಿಮಿಷ” ಅಂದೆ. ಆ ಒಂದು ನಿಮಿಷ ಮಧ್ಯಾಹ್ನದ ಊಟದವರೆಗೂ ನಡೆಯಿತು.

ಲಿನಕ್ಸಿನಲ್ಲಿ ಒಂದು ಒಳ್ಳೆಯ ಗುಣ ಇದೆ, ಅದು ತನ್ನ ಕಷ್ಟವನ್ನು ಮುಚ್ಚಿಡುವುದಿಲ್ಲ. ಕಪ್ಪು ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ’ ಅಂತ ಹೊಡೆದರೆ ಹೊಟ್ಟೆಯೊಳಗೆ ಏನೇನು ಕಾರ್ಡು ಕೂತಿದೆ ಅಂತ ಪಟ್ಟಿ ಕೊಡುತ್ತದೆ. ವೈಫೈ ಕಾರ್ಡು ಪಟ್ಟಿಯಲ್ಲಿತ್ತು, ಸತ್ತಿರಲಿಲ್ಲ. ಅದರ ಡ್ರೈವರು ‘ಬಿ43’ ಅನ್ನುವುದೂ ಲೋಡ್ ಆಗಿತ್ತು. ಹಾಗಾದರೆ ತೊಂದರೆ ಎಲ್ಲಿ? ಕರ್ನಲ್ಲಿನ ದಿನಚರಿ ತೆಗೆದು ನೋಡಿದೆ. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ‘ಯೂಕೋಡ್5’ ಅನ್ನುವ ಫರ್ಮ್‌ವೇರ್ ಕಡತ ಸಿಗಲಿಲ್ಲ. ಅದರ ಕೆಳಗೇ ಪರಿಹಾರ: ಇಂಥ ವೆಬ್‌ಸೈಟಿಗೆ ಹೋಗಿ, ಸರಿಯಾದ ಫರ್ಮ್‌ವೇರ್ ಇಳಿಸಿಕೊಳ್ಳಿ.

ಓದಿ ನಗು ಬಂತು, ಆಮೇಲೆ ಸಿಟ್ಟು ಬಂತು. ನೆಟ್ ಬರಬೇಕಾದರೆ ನೆಟ್ಟಿಗೆ ಹೋಗಬೇಕು! ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಇದೆ. ಬ್ರಾಡ್‌ಬ್ಯಾಂಡು ಎರಡು ಮೊಳ ದೂರದಲ್ಲಿ ಹಸಿರು ಕಣ್ಣು ಮಿಟುಕಿಸುತ್ತಿದೆ, ಕೈಗೆ ಸಿಗುತ್ತಿಲ್ಲ. ಲ್ಯಾನ್ ಪೋರ್ಟು ಇದ್ದಿದ್ದರೆ ಒಂದು ವೈರು ಸಿಕ್ಕಿಸಿ ಐದು ನಿಮಿಷದಲ್ಲಿ ಮುಗಿಸುತ್ತಿದ್ದೆ. ಡೇಟಾ ಕಾರ್ಡು ಬ್ಯಾಗಿನಲ್ಲಿತ್ತು, ಆದರೆ ನಮ್ಮ ಮನೆ ಇರುವುದು ಬಟ್ಟಲಿನ ತಳದಂಥ ಜಾಗದಲ್ಲಿ. ಸುತ್ತ ಗುಡ್ಡ. ಮೊಬೈಲಿಗೇ ಸಿಗ್ನಲ್ ಇಲ್ಲ, ಇನ್ನು ಡೇಟಾ ಕಾರ್ಡಿಗೆಲ್ಲಿ?

ಸಂಜೆ ಹೊತ್ತಿಗೆ ಸುದ್ದಿ ಹಬ್ಬಿತು. ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯಲು ಬಂದಿದ್ದ ಹೆಂಗಸರಲ್ಲಿ ಒಬ್ಬರು, “ಅಯ್ಯೊ, ಇಂಜಿನಿಯರಿಗೇ ಬರ್ತಾ ಇಲ್ವಂತೆ” ಅಂದದ್ದು ನನ್ನ ಕಿವಿಗೇ ಬಿತ್ತು. ಅಪ್ಪಯ್ಯ ಏನೂ ಅನ್ನಲಿಲ್ಲ. ಮೋಡೆಮ್ಮಿನ ಮೇಲೆ ಮತ್ತೆ ಬಟ್ಟೆ ಹೊದೆಸಿ, “ನಾಳೆ ನೋಡಿದ್ರಾಯ್ತು ಬಿಡು” ಅಂದರು.

ಆ ರಾತ್ರಿ ಮಲಗಿದಾಗ ಅಂಗಳದ ಚಪ್ಪರದಿಂದ ಅಡಿಕೆ ಸುಲಿಯುವ ಟಕ್ ಟಕ್ ಸದ್ದು ಕೇಳುತ್ತಿತ್ತು. ಈಗ ಹೇಳುವುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನನಗೆ ಬೇಜಾರಾಗಿತ್ತು, ನಿಜ. ಆದರೆ ಬೇಜಾರಿನ ಅಡಿಯಲ್ಲಿ ಸಣ್ಣದೊಂದು ನಿರಾಳ ಇತ್ತು. ವೈಫೈ ಬರದಿದ್ದರೆ ನಾಳೆ ರಾತ್ರಿ ಬಸ್ಸು. ಮಂಗಳವಾರ ನನ್ನ ಸೀಟು, ನನ್ನ ಎಸಿ, ಸಂಜೆ ಗೆಳೆಯರ ಜತೆ ಕಾಫಿ. “ನೋಡಿ ಅಪ್ಪಯ್ಯ, ನಾನಂತೂ ಪ್ರಯತ್ನ ಪಟ್ಟೆ” ಅಂತ ಮುಂದಿನ ಐದು ವರ್ಷ ಹೇಳಿಕೊಂಡು ಓಡಾಡಬಹುದು. ಇಂಥದ್ದೊಂದು ಯೋಚನೆ ಬಂದದ್ದಕ್ಕೆ ನಾಚಿಕೆಯಾಗಿ ಮಗ್ಗುಲು ಬದಲಿಸಿದೆ. ಯೋಚನೆಯೂ ಮಗ್ಗುಲು ಬದಲಿಸಿ ಎದುರಿಗೇ ಮಲಗಿತು.

ಭಾನುವಾರ ಬೆಳಿಗ್ಗೆ ಆರಕ್ಕೆ ಅಪ್ಪಯ್ಯ ಎಬ್ಬಿಸಿದರು. “ತ್ರೀ ಫೇಸ್ ಬಂತು. ಪಂಪ್ ಹಾಕಿ ಬರೋಣ, ಬರ್ತೀಯನಾ?”

ತೋಟದ ಕೆಳಗೆ ಹಳ್ಳ, ಹಳ್ಳದ ದಂಡೆಯಲ್ಲಿ ತಗಡಿನ ಗೂಡು, ಅದರೊಳಗೆ ಪಂಪ್‌ಸೆಟ್ಟು. ನಾನು ಶಾಲೆಗೆ ಹೋಗುವಾಗಿನಿಂದ ಇರುವುದು. ಈ ಪಂಪಿನ ಸ್ವಭಾವ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಗಾಳಿ ಎಳೆಯುವ ಜಾತಿಯಲ್ಲ. ಒಳಗೂ, ಹಳ್ಳಕ್ಕೆ ಇಳಿದ ಪೈಪಿನ ತುಂಬಾನೂ ನೀರಿದ್ದರೆ ಮಾತ್ರ ನೀರೆತ್ತುತ್ತದೆ. ಖಾಲಿ ಇದ್ದಾಗ ಸ್ವಿಚ್ಚು ಹಾಕಿದರೆ ಬರೀ ಗೊರ್ರ್ ಅಂತ ತಿರುಗುತ್ತದೆ, ಒಂದು ತೊಟ್ಟೂ ಬರುವುದಿಲ್ಲ. ಪೈಪಿನ ನೀರು ಇಳಿದುಹೋಗದ ಹಾಗೆ ಕೆಳತುದಿಯಲ್ಲಿ ಒಂದು ಫುಟ್‌ವಾಲ್ವ್ ಇರುತ್ತದೆ. ಅಪ್ಪಯ್ಯನ ಬಾಯಲ್ಲಿ ಅದು ‘ಫುಟ್‌ಬಾಲ್’. ನಮ್ಮ ಫುಟ್‌ಬಾಲ್ ಸವೆದು ರಾತ್ರಿಯಿಡೀ ಸೋರುತ್ತಿತ್ತು. ಹಾಗಾಗಿ ಪ್ರತಿ ಬೆಳಿಗ್ಗೆ ಮೇಲಿನ ಬಿರಡೆ ತೆಗೆದು, ಹಳ್ಳದಿಂದ ನೀರು ಹೊತ್ತು ತಂದು ಸುರಿಯಬೇಕು.

ಅಪ್ಪಯ್ಯ ಕೊಡಪಾನ ನನ್ನ ಕೈಗೆ ಕೊಟ್ಟರು. ನಾಲ್ಕು ಸಲ ಇಳಿದು ಹತ್ತಿದೆ. ನಾಲ್ಕನೇ ಕೊಡಪಾನಕ್ಕೆ ನೀರು ಬಿರಡೆಯ ಬಾಯಿಗೆ ಬಂದು ಗುಳುಗುಳು ಅಂದಿತು. ಅಪ್ಪಯ್ಯ ಬಿರಡೆ ಬಿಗಿದು ಸ್ವಿಚ್ಚು ಹಾಕಿದರು. ಪಂಪು ಎರಡು ಸಲ ಕೆಮ್ಮಿತು, ಒಂದು ಸಲ ತೇಗಿತು, ಆಮೇಲೆ ಮೇಲೆ ತೋಟದಲ್ಲಿ ಸ್ಪ್ರಿಂಕ್ಲರುಗಳು ಚಿಟಚಿಟ ಅಂತ ತಿರುಗತೊಡಗಿದವು.

“ಮಂಡಿ ನೋವು ಇಟ್ಕೊಂಡು ದಿನಾ ನೀವೇ ಹೀಗೆ ಇಳಿದು ಹತ್ತೋದಾ? ಆ ವಾಲ್ವ್ ಬದಲಿಸಬಾರದಾ ಅಪ್ಪಯ್ಯ?” ಅಂದೆ.

“ಬದಲಿಸಬಹುದು. ಹೊಸದು ತಂದು ಎರಡು ವರ್ಷ ಆಯ್ತು. ಪೈಪ್ ಎತ್ತಿ ಹಾಕಕ್ಕೆ ಇನ್ನೊಬ್ಬರು ಬೇಕಲ್ಲ.”

ನಾನು ಮಾತು ಬದಲಿಸಬೇಕು ಅನ್ನಿಸಿ ಲ್ಯಾಪ್‌ಟಾಪಿನ ಕತೆ ತೆಗೆದೆ. ವಿಚಿತ್ರ ಅಂದರೆ, ಪಂಪಿನ ಮುಂದೆ ನಿಂತು ಹೇಳುವಾಗ ನನಗೇ ಅದು ಸರಿಯಾಗಿ ಅರ್ಥವಾಯಿತು. ವೈಫೈ ಕಾರ್ಡಿನೊಳಗೆ ಒಂದು ಪುಟ್ಟ ಪ್ರೊಸೆಸರ್ ಇದೆ. ಆದರೆ ಅದಕ್ಕೆ ಏನು ಮಾಡಬೇಕು ಅಂತ ಹೇಳುವ ಪ್ರೋಗ್ರಾಮು ಅದರೊಳಗೆ ಇಲ್ಲ. ಕಂಪ್ಯೂಟರ್ ಶುರುವಾದಾಗಲೆಲ್ಲ ಡ್ರೈವರು ಆ ಪ್ರೋಗ್ರಾಮನ್ನು ಹೊರಗಿನಿಂದ ತಂದು ಕಾರ್ಡಿಗೆ ಸುರಿಯಬೇಕು. ಅದೇ ಫರ್ಮ್‌ವೇರು. ಆಫ್ ಮಾಡಿದರೆ ಖಾಲಿ, ಮತ್ತೆ ಆನ್ ಮಾಡಿದರೆ ಮತ್ತೆ ಸುರಿಯಬೇಕು. ಡ್ರೈವರ್ ಇದೆ, ಕಾರ್ಡ್ ಇದೆ, ಸುರಿಯಲಿಕ್ಕೆ ನೀರಿಲ್ಲ.

“ಹಂಗಾದ್ರೆ ಕಾರ್ಡು ಸರಿ ಇದೆ” ಅಂದರು ಅಪ್ಪಯ್ಯ. “ಮೊದಲ ಕೊಡಪಾನ ಬೇಕು ಅಷ್ಟೇ.”

“ಹೌದು. ಅದು ನೆಟ್ಟಲ್ಲಿದೆ. ಸಿಗ್ನಲ್ ಇರೋ ಕಡೆ ಹೋಗಿ ಡೇಟಾ ಕಾರ್ಡಲ್ಲಿ ಇಳಿಸ್ಕೋಬೇಕು. ತೀರ್ಥಹಳ್ಳಿಗೇ ಹೋಗ್ಬೇಕಾಗ್ತದೆ.”

“ಪೇಟೆಗೆ ಯಾಕೆ? ಗುಡ್ಡದ ಮೇಲೆ ಬರ್ತದಲ್ಲ ಸಿಗ್ನಲ್ಲು.”

ತಿಂಡಿ ತಿಂದು ಹೊರಟೆವು. ಲ್ಯಾಪ್‌ಟಾಪ್ ಬೆನ್ನಿಗೆ, ಡೇಟಾ ಕಾರ್ಡು ಜೇಬಿಗೆ. “ನೀವು ಬರಬೇಡಿ, ದಾರಿ ಹೇಳಿ ಸಾಕು” ಅಂದರೂ ಅಪ್ಪಯ್ಯ ಕೇಳಲಿಲ್ಲ. ಗುಡ್ಡದ ಬಾಯಿಯವರೆಗೆ ನನಗೆ ದಾರಿ ಗೊತ್ತಿತ್ತು, ಚಿಕ್ಕವನಿದ್ದಾಗ ದನ ಹುಡುಕಲು ಹೋಗುತ್ತಿದ್ದದ್ದೇ. ಆಮೇಲೆ ಅಪ್ಪಯ್ಯ ಮುಂದಾದರು. ದಪ್ಪ ಕೋಲು ಊರಿ ಒಂದು ಹೆಜ್ಜೆ, ನಿಂತು ಉಸಿರು, ಮತ್ತೊಂದು ಹೆಜ್ಜೆ. ಕಾಲುದಾರಿ ಸವೆದು ಹೊಸದಾಗಿ ಕಾಣುತ್ತಿತ್ತು. ಮುಕ್ಕಾಲು ಗಂಟೆ ಹತ್ತಿದ ಮೇಲೆ ಮರಗಳು ಮುಗಿದು ಬೋಳು ನೆತ್ತಿ ಸಿಕ್ಕಿತು, ಅಲ್ಲೊಂದು ಅಗಲ ಕಲ್ಲು.

“ಇಲ್ಲಿ ಕೂತ್ಕೊ. ಈ ಕಡೆ ಮುಖ ಮಾಡು. ಆ ಕಡೆ ತಿರುಗಿದ್ರೆ ಎರಡು ಕಡ್ಡಿ ಕಮ್ಮಿಯಾಗ್ತದೆ.”

ಅಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂತ ಕೇಳಿದೆ.

“ಆಷಾಢದಲ್ಲಿ ಲೈನ್ ಮೇಲೆ ಮರ ಬಿದ್ದು ಮೂರು ವಾರ ಫೋನ್ ಸತ್ತಿತ್ತಲ್ಲ. ಆವಾಗ ನಿಂಗೆ ಮಾಡಕ್ಕೆ ಇಲ್ಲಿಗೇ ಬರ್ತಿದ್ದೆ. ಮೊಬೈಲ್ ತಗಂಡು.”

ಆಷಾಢ ಅಂದರೆ ಜುಲೈ. ಆಗುಂಬೆ ಸೀಮೆಯ ಜುಲೈ ಮಳೆ ನೋಡಿದವರಿಗೆ ಹೇಳಬೇಕಿಲ್ಲ. ಜಾರುವ ಜೇಡಿ, ಇಂಬಳ, ಕೊಡೆ ಹಿಡಿದರೂ ಮೊಣಕಾಲವರೆಗೆ ನೀರು. ಆ ಮೂರು ವಾರದಲ್ಲಿ ಅಪ್ಪಯ್ಯನ ಮೊಬೈಲಿನಿಂದ ಬಂದ ಕರೆಗಳು ನನಗೆ ನೆನಪಿದ್ದವು. ಯಾಕೆ ನೆನಪಿದ್ದವು ಅಂದರೆ ಎಲ್ಲ ಕೆಲಸದ ಹೊತ್ತಿನಲ್ಲೇ ಬರುತ್ತಿದ್ದವು. ಒಂದು ದಿನ ಎರಡು ಸಲ ಕಟ್ ಮಾಡಿ, ಮೂರನೇ ಸಲ ಎತ್ತಿ, ಪಿಸುಗುಟ್ಟಿದ್ದೆ: “ಮೀಟಿಂಗಲ್ಲಿದೀನಿ ಅಪ್ಪಯ್ಯ, ಆಮೇಲೆ ಮಾಡ್ತೀನಿ.” ಆಮೇಲೆ ಮಾಡಿದರೆ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅಂತ ಬರುತ್ತಿತ್ತು. ಮೊಬೈಲ್ ಎಲ್ಲೋ ಬಿಸಾಕಿರಬೇಕು ಅಂದುಕೊಂಡು ಸುಮ್ಮನಾಗಿದ್ದೆ.

ಮಂಡಿ ನೋವಿನ ಮನುಷ್ಯ ಮುಕ್ಕಾಲು ಗಂಟೆ ಮಳೆಯಲ್ಲಿ ಗುಡ್ಡ ಹತ್ತಿ, ಈ ಕಲ್ಲಿನ ಮೇಲೆ ಸರಿಯಾದ ದಿಕ್ಕಿಗೆ ಮುಖ ಮಾಡಿ ಕೂತು, ನನ್ನ ‘ಆಮೇಲೆ ಮಾಡ್ತೀನಿ’ ಕೇಳಿಸಿಕೊಂಡು ಇಳಿದು ಹೋಗಿದ್ದರು.

“ಹೇಳಬಾರದಿತ್ತಾ ಅಪ್ಪಯ್ಯ, ಗುಡ್ಡದ ಮೇಲಿಂದ ಮಾಡ್ತಿದೀನಿ ಅಂತ?” ಅಂದೆ.

“ನೀನು ಮೀಟಿಂಗಲ್ಲಿದ್ದೆಯಲ್ಲ” ಅಂದರು. ಅದರಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.

ಲ್ಯಾಪ್‌ಟಾಪ್ ಬಿಚ್ಚಿದೆ. ಬ್ಯಾಟರಿ ಐವತ್ತು ನಿಮಿಷ ತೋರಿಸುತ್ತಿತ್ತು. ಡೇಟಾ ಕಾರ್ಡಿನ ನೀಲಿ ದೀಪ ಹತ್ತಿತು, ಒಂದು ಕಡ್ಡಿ, ಎರಡು ಕಡ್ಡಿ. ‘ಬಿ43-ಎಫ್‌ಡಬ್ಲ್ಯೂಕಟರ್’ ಅನ್ನುವ ಪ್ಯಾಕೇಜು ಬೇಕು ಅಂತ ಆದೇಶ ಕೊಟ್ಟೆ. ಫರ್ಮ್‌ವೇರನ್ನೂ ಇಳಿಸಿ ಕೂರಿಸಲಾ ಅಂತ ಅದು ಕೇಳಿತು. ಹೌದು ಅಂದೆ. ಬಿಸಿಲಿಗೆ ಪರದೆ ಕಾಣದೆ ಅಪ್ಪಯ್ಯ ತಮ್ಮ ಟವೆಲನ್ನು ನನ್ನ ತಲೆಯ ಮೇಲೂ ಲ್ಯಾಪ್‌ಟಾಪಿನ ಮೇಲೂ ಹೊದೆಸಿ ಅದರ ತುದಿ ಹಿಡಿದು ನಿಂತರು. ಸೆಕೆಂಡಿಗೆ ನಾಲ್ಕೈದು ಕೆಬಿ ಲೆಕ್ಕದಲ್ಲಿ ಹನಿಹನಿಯಾಗಿ ಇಳಿಯತೊಡಗಿತು.

ಕಾಯುವಾಗ ಅಪ್ಪಯ್ಯ ಕೇಳಿದರು, “ಅಲ್ಲ, ಅಷ್ಟು ಬೇಕಾಗಿರೋದನ್ನ ಸಿಡಿಯಲ್ಲೇ ಯಾಕೆ ಕೊಟ್ಟಿಲ್ಲ?”

ಒಳ್ಳೆಯ ಪ್ರಶ್ನೆ. ಆ ಫರ್ಮ್‌ವೇರ್ ಕಾರ್ಡು ಮಾಡಿದ ಕಂಪನಿಯ ಸೊತ್ತು. ಅದನ್ನು ಬಿಡಿಯಾಗಿ ಹಂಚಲು ಲಿನಕ್ಸಿನವರಿಗೆ ಹಕ್ಕಿಲ್ಲ. ಆದರೆ ಕಂಪನಿಯ ಡ್ರೈವರ್ ಕಡತದ ಹೊಟ್ಟೆಯಲ್ಲಿ ಅದು ಅಡಗಿರುತ್ತದೆ. ಈ ‘ಕಟರ್’ ಅನ್ನುವ ಉಪಕರಣ ಆ ಕಡತವನ್ನು ನಿಮ್ಮ ಕಂಪ್ಯೂಟರಿನಲ್ಲೇ ಸೀಳಿ, ಒಳಗಿನ ಫರ್ಮ್‌ವೇರನ್ನು ಹೊರತೆಗೆದು, ಡ್ರೈವರಿಗೆ ಬೇಕಾದ ಜಾಗದಲ್ಲಿ ಇಡುತ್ತದೆ.

“ಮೆಟ್ಟುಗತ್ತಿ” ಅಂದರು ಅಪ್ಪಯ್ಯ. “ಸುಲಿದದ್ದು ಮಾರೋ ಹಾಗಿಲ್ಲ, ಸಿಪ್ಪೆ ಸಮೇತ ತಂದು ಅವರವರ ಮನೇಲಿ ಸುಲ್ಕೋಬೇಕು.”

ಎಂಟು ಸೆಮಿಸ್ಟರ್ ಓದಿದ ನಾನು ಇಷ್ಟು ಚೆನ್ನಾಗಿ ಹೇಳಲಾರೆ.

“ಮತ್ತೆ ಆ ಡ್ರೈವರ್ರು? ಅದನ್ನ ಕಂಪನಿಯವರೇ ಕೊಟ್ರಾ?”

ಇಲ್ಲ, ಅದೇ ಈ ಕತೆಯ ಸೊಗಸು. ಆ ಕಾರ್ಡು ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿವರ ಲಿನಕ್ಸಿನವರಿಗೆ ಸಿಕ್ಕಿರಲಿಲ್ಲ. ಹಾಗಾಗಿ ಒಂದಷ್ಟು ಜನ ಸ್ವಯಂಸೇವಕರು ಇದ್ದ ಡ್ರೈವರನ್ನೇ ಬಿಚ್ಚಿ ಅಧ್ಯಯನ ಮಾಡಿ, ಕಾರ್ಡಿನ ನಡವಳಿಕೆಯನ್ನು ಮಾತಿನಲ್ಲಿ ಬರೆದಿಟ್ಟರು. ಇನ್ನೊಂದು ಗುಂಪು ಆ ಮೂಲ ಡ್ರೈವರನ್ನು ನೋಡದೆ, ಬರೀ ಆ ಬರಹವನ್ನು ಓದಿ ಹೊಸ ಡ್ರೈವರ್ ಬರೆಯಿತು. ನೋಡಿ ಬರೆದರೆ ನಕಲು ಅನ್ನಿಸಿಕೊಳ್ಳುತ್ತದಲ್ಲ, ಅದಕ್ಕೇ ಈ ಮಡಿ. ಹೀಗೆ ಹುಟ್ಟಿದ ಮೊದಲ ಡ್ರೈವರ್ 2006ರಲ್ಲಿ 2.6.17 ಕರ್ನಲ್ಲಿಗೆ ಸೇರಿತು. ಅದನ್ನು ತಿದ್ದಿ ಹೊಸದಾಗಿ ಕಟ್ಟಿದ ಬಿ43, 2008ರ ಜನವರಿಯಲ್ಲಿ ಬಂದ 2.6.24ಕ್ಕೆ. 2010ರ ಸೆಪ್ಟೆಂಬರಿನಲ್ಲಿ ಆ ಕಂಪನಿಯೇ ತನ್ನ ಕೆಲವು ಹೊಸ ಕಾರ್ಡುಗಳಿಗೆ ಮುಕ್ತ ಡ್ರೈವರ್ ಬಿಡುಗಡೆ ಮಾಡಿತು. ನನ್ನ ಹಳೆಯ ಕಾರ್ಡು ಆ ಪಟ್ಟಿಯಲ್ಲಿ ಇರಲಿಲ್ಲ. ನನ್ನದಕ್ಕೆ ಈ ಮುಖ ಕಾಣದವರೇ ಗತಿ.

“ಅವರಿಗೆ ಯಾರು ದುಡ್ಡು ಕೊಟ್ರು?”

“ತುಂಬಾ ಜನ ತಮ್ಮ ಬಿಡುವಿನಲ್ಲೇ ಮಾಡಿದ್ದು ಅಪ್ಪಯ್ಯ.”

ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರ ಮನೆಯಲ್ಲೂ ನೆಟ್ ಬಂದಿರ್ಲಿಲ್ಲ ಕಾಣ್ತದೆ” ಅಂದರು.

ಅರ್ಧ ಗಂಟೆಗೆ ಡೌನ್‌ಲೋಡ್ ಮುಗಿಯಿತು. ಕಟರ್ ಓಡಿ, ಸುಲಿದ ಕಡತಗಳ ಹೆಸರು ಒಂದರ ಕೆಳಗೊಂದು ಬಂದವು. ಅದರಲ್ಲಿ ‘ಯೂಕೋಡ್5’ ಕಂಡಾಗ ಬಂಧುವನ್ನು ಕಂಡ ಹಾಗಾಯಿತು. ಡ್ರೈವರನ್ನು ಇಳಿಸಿ ಮತ್ತೆ ಏರಿಸಿದೆ. ವರ್ಷದಿಂದ ಸತ್ತು ಬಿದ್ದಿದ್ದ ವೈಫೈ ದೀಪ ಒಂದು ಸಲ ಮಿಟುಕಿ ಹತ್ತಿಕೊಂಡಿತು.

“ಬಂತಾ?”

“ದೀಪ ಬಂತು. ಇಲ್ಲಿ ಯಾವ ವೈಫೈಯೂ ಇಲ್ಲ, ಮನೆಗೆ ಹೋಗಿಯೇ ನೋಡ್ಬೇಕು.”

ಇಳಿಯುವಾಗ ಅಪ್ಪಯ್ಯ ನನ್ನ ಭುಜದ ಮೇಲೆ ಕೈಯಿಟ್ಟುಕೊಂಡು ಇಳಿದರು. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟವಂತೆ. ಅದೂ ನನಗೆ ಅವತ್ತೇ ಗೊತ್ತಾದದ್ದು. ಮನೆಯ ಅಂಗಳಕ್ಕೆ ಕಾಲಿಡುವ ಮೊದಲೇ, ತೋಟದ ದಣಪೆ ದಾಟಿದ ಕೂಡಲೇ, ನಿಂತು ಲ್ಯಾಪ್‌ಟಾಪ್ ತೆರೆದೆ. ಪಟ್ಟಿಯಲ್ಲಿ ಒಂದೇ ಒಂದು ಹೆಸರು ಇತ್ತು. ಮೋಡೆಮ್ ಕೂರಿಸಲು ಬಂದವರು ಅಪ್ಪಯ್ಯನನ್ನು ಏನು ಹೆಸರಿಡಲಿ ಅಂತ ಕೇಳಿರಬೇಕು. ನನ್ನ ಹೆಸರಿಟ್ಟಿದ್ದರು.

ಸೋಮವಾರ ಹತ್ತಕ್ಕೆ ಐದು ನಿಮಿಷ ಇರುವಾಗ ನಾನು ಆನ್‌ಲೈನ್ ಇದ್ದೆ. ಹತ್ತೂವರೆಗೆ ಕರೆಂಟು ಹೋಯಿತು, ಅದು ಬೇರೆ ಕತೆ. ಆ ವಾರ ಎರಡು ಸಲ ಮ್ಯಾನೇಜರಿಗೆ ‘ಸಾರಿ, ಕರೆಂಟಿಲ್ಲ’ ಅಂದೆ, ಒಂದು ಸಲ ಕಾಲ್‌ನಲ್ಲಿ ಎಲ್ಲರಿಗೂ ನಮ್ಮ ಕೋಳಿ ಕೂಗಿದ್ದು ಕೇಳಿಸಿತು. ಆದರೂ ಕೆಲಸ ನಡೆಯಿತು. ಬುಧವಾರ ಬೆಳಿಗ್ಗೆ ಏಳಕ್ಕೆ ಹಳ್ಳಕ್ಕಿಳಿದು, ಅಪ್ಪಯ್ಯ ದಂಡೆಯ ಮೇಲೆ ನಿಂತು ಹೇಳಿದ ಹಾಗೆ ಮಾಡಿ, ಪೈಪ್ ಎತ್ತಿ ಫುಟ್‌ಬಾಲ್ ಬದಲಿಸಿದೆ. ಒಂದು ಗಂಟೆಯ ಕೆಲಸ. ಅದಕ್ಕೆ ಎರಡು ವರ್ಷ ಕಾದಿದ್ದರು. ಬಿಇ ಮಾಡಿದ ಮೇಲೆ ಊರಿನಲ್ಲಿ ನಾನು ನಿಜವಾಗಿ ರಿಪೇರಿ ಮಾಡಿದ ಮೊದಲ ಯಂತ್ರ ಅದು.

ನಾನು ಕೆಲಸ ಬಿಟ್ಟು ಊರಿಗೆ ಹೋಗಿ ನೆಲೆಸಿದೆ ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ವಾರ ಮುಗಿದ ಮೇಲೆ ಬಸ್ಸು ಹತ್ತಿ ಬಂದೆ, ಇವತ್ತಿಗೂ ಬೆಂಗಳೂರಿನಲ್ಲೇ ಇದ್ದೇನೆ. ಕೊಯ್ಲಿಗೆ ಎರಡು ವಾರ, ಮಳೆಗಾಲದ ಮೊದಲು ಒಂದು ವಾರ ಹೋಗುತ್ತೇನೆ. ಅದಕ್ಕಿಂತ ಜಾಸ್ತಿ ಆಗುತ್ತಿಲ್ಲ, ಈಗ ನೆಪ ಹೇಳಲಿಕ್ಕೂ ಆಗುತ್ತಿಲ್ಲ. ಮಿಕ್ಕ ದಿನಗಳಲ್ಲಿ ಬ್ರಾಡ್‌ಬ್ಯಾಂಡ್ ಅಲ್ಲಿ ಸುಮ್ಮನೆ ಉರಿಯುತ್ತದೆ. ನೋಡುವವರಿಲ್ಲ, ಬಳಸುವವರಿಲ್ಲ, ತಿಂಗಳಾದರೆ ಬಿಲ್ಲು ಮಾತ್ರ ಬರುತ್ತದೆ. “ನಾನು ಇಲ್ಲದಾಗ ಯಾಕೆ ದಂಡ, ತೆಗೆಸಿಬಿಡಿ ಅಪ್ಪಯ್ಯ, ಬರೋ ಮುಂಚೆ ಮತ್ತೆ ಹಾಕ್ಸಿದ್ರಾಯ್ತು” ಅಂತ ಒಮ್ಮೆ ಹೇಳಿದೆ.

“ಖಾಲಿ ಬಿಟ್ರೆ ಆಮೇಲೆ ಮತ್ತೆ ತುಂಬಕ್ಕೆ ಕಷ್ಟ” ಅಂದರು.

ಕಾರ್ಡಿಗೆ ಮಾತ್ರ ಫುಟ್‌ವಾಲ್ವ್ ಇಲ್ಲ. ಪ್ರತಿ ಸಲ ಲ್ಯಾಪ್‌ಟಾಪ್ ಆನ್ ಮಾಡಿದಾಗಲೂ ಅದು ಎಲ್ಲ ಮರೆತು ಖಾಲಿಯಾಗಿ ಏಳುತ್ತದೆ, ಡ್ರೈವರ್ ಪ್ರತಿ ಸಲವೂ ಬೇಜಾರಿಲ್ಲದೆ ಮೊದಲಿನಿಂದ ಸುರಿಯುತ್ತದೆ. ಕಣ್ಣು ಮಿಟುಕುವಷ್ಟರಲ್ಲಿ ಆಗಿಬಿಡುವುದರಿಂದ ಯಾರೂ ಗಮನಿಸುವುದಿಲ್ಲ.

ಈಗ ಮೀಟಿಂಗಿನ ನಡುವೆ 08181 ಅಂತ ಶುರುವಾಗುವ ನಂಬರು ಕಂಡರೆ ಎದ್ದು ಹೊರಗೆ ಹೋಗಿ ಮಾತಾಡುತ್ತೇನೆ. ಮೊಬೈಲ್ ನಂಬರಿನಿಂದ ಬಂದರಂತೂ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: “ಅಪ್ಪಯ್ಯ, ಎಲ್ಲಿಂದ ಮಾಡ್ತಿದೀರಿ?”